ಅವಳು ಎಂಟು ಅಂದಿದ್ದಾಳೆ

"ಇದನ್ನ ಸುಟ್ಟವರು ನೀವೇ ತಾನೆ?"

ಮೇಜಿನ ಮೇಲೆ ಧಡ್ ಎಂದು ಬಂದು ಕೂತ ಸ್ಪೀಕರನ್ನೂ, ಅದರ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಹುಡುಗಿಯನ್ನೂ ಅವನು ನೋಡಿದ. ಹೊಗೆ ಯಾವುದರಿಂದ ಬರ್ತಿದೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ.

"ಕೂತ್ಕೊಳ್ಳಿ," ಅಂದ.

"ಕೂತ್ಕೊಳ್ಳೋಕೆ ಬಂದಿಲ್ಲ! ಹೋದ ವಾರ ತಾನೆ ಇದಕ್ಕೆ ಹೊಸ ಸುರುಳಿ ಸುತ್ತಿ, ಕಾಗದದ ಕೋನ್ ಅಂಟಿಸಿ ಕೊಟ್ಟಿದ್ದೆ. ನೋಡಿ, ಕರಕಲಾಗಿ ವಾಪಸ್ ಬಂದಿದೆ. ಪಕ್ಕದಂಗಡಿಯವರು ರಿಪೇರಿ ಮಾಡಿದ ಆಂಪ್ಲಿಫೈಯರಿಗೆ ಹಾಕಿದೆ, ಢಂ ಅಂತು ಅಂತಾರೆ ಗಿರಾಕಿ!"

ಅವನು ಮೇಜಿನ ಕೆಳಗಿಂದ ಒಂದು ಆಂಪ್ಲಿಫೈಯರ್ ಎತ್ತಿ ಸ್ಪೀಕರಿನ ಪಕ್ಕ ಇಟ್ಟ. ಅದರ ಬೆನ್ನೂ ಕರ್ರಗಾಗಿತ್ತು.

"ಅದೇ ಗಿರಾಕಿ ನನಗೇನಂದ್ರು ಗೊತ್ತಾ? ಪಕ್ಕದಂಗಡಿ ಹುಡುಗಿಗೆ ಸ್ಪೀಕರ್ ಸುತ್ತೋಕೆ ಬರಲ್ಲ, ಅದಕ್ಕೇ ಇದು ಹೋಯ್ತು ಅಂತ."

ಬರಲ್ಲವಂತೆ! ಅಮ್ಮನ ಮಡಿಲಲ್ಲಿ ಕೂತಾಗಿನಿಂದ ತಾಮ್ರದ ತಂತಿ ಸುತ್ತಿದವಳಿಗೆ ಬರಲ್ಲವಂತೆ! ಅವಳ ಕಿವಿ ಕೆಂಪಾಯಿತು.

"ನಿಮ್ಮ ಸ್ಪೀಕರಿನ ತಡೆ ಎಷ್ಟು?" ಕೇಳಿದ ಅವನು.

"ಎಂಟು ಓಮ್ಸ್."

"ಅವರು ಎಷ್ಟು ಸ್ಪೀಕರ್ ಹಾಕಿದ್ರಂತೆ?"

"ನಾಲ್ಕು..." ಅನ್ನುತ್ತಿದ್ದ ಹಾಗೆ ಅವಳ ದನಿ ಸಣ್ಣಗಾಯಿತು. "ನಾಲ್ಕನ್ನೂ ಒಂದೇ ಜೋಡಿ ತಂತಿಗೆ."

"ಹ್ಞಾಂ. ಒಂದಿದ್ರೆ ಎಂಟು. ಪಕ್ಕಕ್ಕೆ ಇನ್ನೊಂದು ಸೇರಿಸಿದ್ರೆ ಕರೆಂಟಿಗೆ ಎರಡು ದಾರಿ, ತಡೆ ನಾಲ್ಕಕ್ಕೆ ಇಳಿಯಿತು. ನಾಲ್ಕು ಸ್ಪೀಕರ್ ಸೇರಿದ್ರೆ ಬರೀ ಎರಡು. ತಡೆ ಇಳಿದಷ್ಟೂ ಅವು ಹೆಚ್ಚು ಕರೆಂಟು ಎಳೀತಾವೆ. ಈ ಬಡಪಾಯಿ ಎಷ್ಟು ಆಂಪಿಯರ್ ಅಂತ ಕೊಡುತ್ತೆ? ಇದರ ಬೆನ್ನ ಮೇಲೇ ಬರೆದಿದೆ, ನಾಲ್ಕಕ್ಕಿಂತ ಕೆಳಗೆ ಬೇಡ ಅಂತ. ಒಂದು ಕೊಳಾಯಿಗೆ ಇಡೀ ಬೀದಿಯವರು ಪೈಪ್ ಹಾಕಿದ ಹಾಗೆ ಆಯ್ತು. ಇದು ಸುಟ್ಟಿತು, ಸುಡುವಾಗ ನಿಮ್ಮದನ್ನೂ ಜೊತೆಗೆ ಕರ್ಕೊಂಡು ಹೋಯ್ತು."

"ಅದೆಲ್ಲ ನನಗೂ ಗೊತ್ತು," ಅಂದಳು ಅವಳು ಗದ್ದ ಎತ್ತಿ.

"ಗೊತ್ತಿಲ್ಲ ಅಂತ ನಾನು ಅಂದ್ನಾ?"

ಅವನು ನಕ್ಕ. ಆ ನಗು ಇದೆಯಲ್ಲ, ಅದನ್ನ ಅವನು ಆವತ್ತು ನಗಬಾರದಿತ್ತು ನೋಡಿ. ಜಗಳವಾಡೋಕೆ ಅಂತ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

*

ಬೀದಿಯವರು ಅವಳನ್ನ ಸುರುಳಿ ಅಂತ ಕರೀತಿದ್ದರು. ಸುಟ್ಟ ಸ್ಪೀಕರುಗಳ ಸುರುಳಿ ಬಿಚ್ಚಿ ಹೊಸದು ಸುತ್ತುವವಳು, ಅದಕ್ಕೆ. ಅಮ್ಮ, ಮಗಳು ಇಬ್ಬರದೇ ಅಂಗಡಿ. ಅವನನ್ನ ಆಂಪ್ಲಿ ಅಂತಿದ್ದರು. ಆಂಪ್ಲಿಫೈಯರ್ ಬಿಟ್ಟು ಬೇರೆ ಮಾತು ಅವನ ಬಾಯಲ್ಲಿ ಬಂದಿದ್ದನ್ನ ಯಾರೂ ಕೇಳಿರಲಿಲ್ಲ. ಎರಡು ಅಂಗಡಿಗೂ ನಡುವೆ ಹಲಗೆಯ ಗೋಡೆ. ಆ ಗೋಡೆಯಲ್ಲಿ, ಮೇಜಿನ ಎತ್ತರಕ್ಕೆ, ಹಿಡಿ ಕೈ ತೂರುವಷ್ಟು ಒಂದು ತೂತು.

ಆ ಜಗಳದ ನಂತರ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡರು. ಅವಳು ಸ್ಪೀಕರ್ ಮುಗಿಸಿದ ಮೇಲೆ ಮೀಟರ್ ಇಟ್ಟು ಅಳೆದು, ಅದರ ಬೆನ್ನಿಗೆ ಹಳದಿ ಬಣ್ಣದಲ್ಲಿ ಓಮ್ಸ್ ಬರೆಯಬೇಕು. ಅವನು ತೂತಿನಿಂದ ತಂತಿ ತೂರಿಸಿ ತನ್ನ ಆಂಪ್ಲಿಫೈಯರಿಗೆ ಸೇರಿಸಬೇಕು. ಸ್ವಿಚ್ ಹಾಕುವ ಮುಂಚೆ ಕೂಗಿ ಕೇಳಬೇಕು.

"ಎಷ್ಟು?"

"ಎಂಟು!"

ಅವಳು ಹೇಳಿದ ಮೇಲೆ ಮುಗೀತು. ಅವನು ಒಂದು ಸಲವೂ ತಾನಾಗಿ ಮೀಟರ್ ಇಟ್ಟು ನೋಡಿದವನಲ್ಲ.

"ಒಂದ್ಸಲ ನೀವೂ ಅಳೆದು ನೋಡಬಾರದೇನ್ರೀ?" ಕೇಳಿದ್ದಳು ಒಮ್ಮೆ.

"ಯಾಕೆ? ನೀವು ಅಳೆದಿದ್ದೀರಲ್ಲ."

ಅಷ್ಟೇ ಮಾತು. ಅದನ್ನ ಅವಳು ರಾತ್ರಿ ಮಲಗುವವರೆಗೆ ಮನಸ್ಸಲ್ಲೇ ಮೆಲುಕು ಹಾಕಿದಳು. ಹೂವು ಕೊಟ್ಟವರಿಗೆ ಮನಸ್ಸು ಕೊಡುವ ಹುಡುಗಿಯರಿದ್ದಾರೆ, ನಮ್ಮ ಸುರುಳಿಯ ಜಾತಕ ಬೇರೆ. ದಿನಕ್ಕೆ ಹತ್ತಾರು ಸಲ ಗೋಡೆಯಾಚೆಯಿಂದ "ಎಷ್ಟು?" ಅನ್ನುವ ದನಿ. ಈಚೆಯಿಂದ ಉತ್ತರ. ಆಮೇಲೆ ತಂತಿಯೊಳಗೆ ಹರಿದು ಬಂದು ಅವಳ ಮೇಜಿನ ಮೇಲೆ ಬಾಯಿ ಬಿಡುವ ಹಾಡು. ಅವಳಿಗೆ ಯಾವ ಹಾಡು ಇಷ್ಟ ಅಂತ ಅವನು ಯಾವಾಗ ತಿಳ್ಕೊಂಡನೋ! ಪರೀಕ್ಷೆಗೆ ಅಂತ ಹಾಕುತ್ತಿದ್ದುದೆಲ್ಲ ಅವೇ.

"ಏನೇ, ಒಬ್ಬಳೇ ನಗ್ತೀಯ?" ಅಂತಿದ್ದಳು ಅಮ್ಮ, ಮೂಲೆಯಲ್ಲಿ ಕೂತು ಕೋನಿಗೆ ಅಂಟು ಹಚ್ಚುತ್ತ.

"ಹಾಡು ಚೆನ್ನಾಗಿದೆ ಅಮ್ಮ."

"ಹಾಡು! ಹೂಂ ಹೂಂ. ಹಾಡೇ ಇರಬೇಕು."

*

ಹೀಗೆ ನಡೀತಿದ್ದಾಗ ಬಂದಳು ಗಾಯಕಿ.

ಅವಳದು ಊರೂರು ತಿರುಗಿ ಕಾರ್ಯಕ್ರಮ ಕೊಡುವ ತಂಡ. ಆಳೆತ್ತರದ ಹೆಂಗಸು, ಮಾತಾಡಿದರೆ ಹಲಗೆ ಗೋಡೆ ನಡುಗುವ ಕಂಠ. ಅವಳು ಹಚ್ಚಿಕೊಂಡಿದ್ದ ಸೆಂಟು ತೂತಿನಿಂದ ಈಚೆ ಬಂದು, ಅಂಟು ವಾರ್ನಿಷ್ ವಾಸನೆಯನ್ನೆಲ್ಲ ಮೂಲೆಗೆ ತಳ್ಳಿ ಅಂಗಡಿ ತುಂಬ ಕೂತುಕೊಂಡಿತು. ಸುರುಳಿ ತನ್ನ ಬೆರಳುಗಳನ್ನ ನೋಡಿಕೊಂಡಳು. ಹಳದಿ ಅಂಟು, ತಂತಿ ಕುಯ್ದ ಗೀರು.

ಗಾಯಕಿ ಆಂಪ್ಲಿಗೆ ಹೊಸ ಆಂಪ್ಲಿಫೈಯರ್ ಕಟ್ಟಿಕೊಡಲು ಹೇಳಿದ್ದಳು. ರಿಪೇರಿಯಲ್ಲ, ಅವನ ಕೈಯಾರೆ ಪೂರ್ತಿ ಕಟ್ಟಿದ್ದು, ಅವನ ಹೆಸರಲ್ಲಿ ಸಭೆಗೆ ಹೋಗುವ ಮೊದಲನೆಯದು. ಅವನ ಕಣ್ಣಲ್ಲಿ ಎಂಥ ಹೊಳಪು! ಅದನ್ನ ನೋಡಿ ಅವಳಿಗೂ ಹಿಗ್ಗಾಗಿತ್ತು. ಮೊದಮೊದಲು.

ಆಮೇಲೆ ಗಾಯಕಿ ದಿನಾ ಮಧ್ಯಾಹ್ನ ಬರತೊಡಗಿದಳು. ಬಂದ ಕೂಡಲೇ ಬಾಗಿಲು ಅರ್ಧ ಮುಚ್ಚುತ್ತಿತ್ತು. ತೂತಿಗೆ ಆಚೆಯಿಂದ ಬಟ್ಟೆ ತುರುಕುತ್ತಿದ್ದರು.

ಬಟ್ಟೆ!

'ತುರುಕಿಕೊಳ್ಳಲಿ. ನನಗೇನು? ಅವನೇನು ನನಗೆ ಮಾವನ ಮಗನಾ? ಪಕ್ಕದಂಗಡಿಯವನು, ಅಷ್ಟೇ...'

ಅಷ್ಟೇ ಆಗಿದ್ದರೆ, ಗೋಡೆಗೆ ಸ್ಟೂಲು ಎಳೆದುಕೊಂಡು ಕೂರುವ ಅಗತ್ಯ ಏನಿತ್ತೋ, ನೀವೇ ಹೇಳಿ. ಅಮ್ಮ ಕೇಳಿದರೆ ಆ ಕಡೆ ಬೆಳಕು ಚೆನ್ನಾಗಿದೆ ಅಂದುಬಿಟ್ಟಳು ಮಹಾರಾಯ್ತಿ.

ಒಂದು ಮಧ್ಯಾಹ್ನ ಬಟ್ಟೆ ದಾಟಿಕೊಂಡು ಆ ಮಾತು ಬಂತು.

"ಎಷ್ಟು?" ಅಂದ ಅವನು.

ಅಭ್ಯಾಸಬಲ. ಸುರುಳಿ ಬಾಯಿ ತೆರೆದಳು. ಅಷ್ಟರಲ್ಲಿ ಆಚೆಯಿಂದ ಗಾಯಕಿಯ ದನಿ.

"ನಾಲ್ಕು! ...ಅಲ್ವಾ? ಅಯ್ಯೋ!" ಮತ್ತೆ ನಗು. ತುಂಬು ಗಂಟಲಿನ, ಎಳೆಎಳೆಯಾದ ನಗು. ಅದರ ಜೊತೆಗೆ ಅವನ ನಗು!

ಸುರುಳಿಯ ತೆರೆದ ಬಾಯಿ ಹಾಗೇ ಮುಚ್ಚಿತು. ಎದೆಯೊಳಗೆ ಯಾರೋ ಹಸಿ ಮೆಣಸಿನಕಾಯಿ ಅರೆದ ಹಾಗಾಯಿತು.

'ಎಷ್ಟು' ಅಂತ ಕೇಳೋದು ನನ್ನನ್ನ. ನನ್ನನ್ನ ಮಾತ್ರ! ಬೇರೆ ಯಾರಿಗೆ ಏನು ಬೇಕಾದ್ರೂ ಹೇಳಲಿ, ಕೊಡಲಿ, ನಗಲಿ. ಆ ಒಂದು ಮಾತು ನನ್ನದಾಗಿತ್ತಲ್ಲ...

"ಏನೇ, ಮೂಗು ಕೆಂಪಗಾಗಿದೆ?" ಅಂದಳು ಅಮ್ಮ.

"ಅಂಟಿನ ವಾಸನೆ."

"ಆ ಅಂಟನ್ನ ನೀನು ಹುಟ್ಟೋ ಮುಂಚಿಂದ ಮೂಸ್ತಿದ್ದೀನಿ ನಾನು. ಅದು ಮೂಗು ಕೆಂಪು ಮಾಡಲ್ಲ."

"ಅಮ್ಮಾ, ಸುಮ್ನಿರ್ತೀಯಾ!"

ಅಮ್ಮ ಮತ್ತೆ ಕೋನಿಗೆ ಅಂಟು ಹಚ್ಚತೊಡಗಿದಳು. ಆದರೆ ತುಟಿಯ ಅಂಚಲ್ಲಿ ನಗು ಇತ್ತು.

*

ಕಾರ್ಯಕ್ರಮ ಶನಿವಾರ ಸಂಜೆ, ಬೀದಿಯ ಕೊನೆಯ ಸಭಾಂಗಣದಲ್ಲಿ. ಅದಕ್ಕೆ ಗಾಯಕಿಯ ಎರಡು ದೊಡ್ಡ ಸ್ಪೀಕರುಗಳನ್ನ ಹೊಸದಾಗಿ ಸುತ್ತಬೇಕಿತ್ತು. ಆಂಪ್ಲಿಯೇ ಹೊತ್ತು ತಂದು ಇಟ್ಟ.

"ಎರಡೂ ಎಂಟು ಇರಲಿ. ಜೊತೆಗೆ ಹಾಕಿದಾಗ ನಾಲ್ಕಾಗುತ್ತೆ, ನನ್ನ ಆಂಪ್ಲಿಫೈಯರಿಗೆ ಅಲ್ಲಿಗೆ ಸರಿಹೋಗುತ್ತೆ. ಇದು ನನಗೆ ತುಂಬ ಮುಖ್ಯ ರೀ," ಅಂದ.

"ಯಾಕೆ? ಮೇಡಂ ಕಾರ್ಯಕ್ರಮ ಅಂತಾನಾ?"

"ಅದೂ ಹೌದು..." ಅಂದ ಅವನು ತಲೆ ಕೆರೆದುಕೊಂಡು. "ಇನ್ನೊಂದು ವಿಷಯಾನೂ ಇದೆ. ಶನಿವಾರ ಹೇಳ್ತೀನಿ."

ಶನಿವಾರದವರೆಗೆ ಕಾಯುವ ಭಾಗ್ಯ ಅವಳಿಗಿರಲಿಲ್ಲ. ಮಾರನೆಯ ದಿನ ಅವಳು ತಂತಿ ಸುತ್ತುವ ಯಂತ್ರದ ಮುಂದೆ ಕೂತಿದ್ದಾಗ ಗೋಡೆಯಾಚೆ ಮಾತು.

"ನಮ್ಮ ಜೊತೆ ಬಂದ್ಬಿಡಿ ಅಂದ್ರೆ ಕೇಳಲ್ಲ ನೀವು," ಗಾಯಕಿಯ ದನಿ. "ಈ ತಗಡಿನ ಅಂಗಡೀಲಿ ಏನಿದೆ ನಿಮಗೆ? ಊರೂರು ನೋಡಬಹುದು."

"ಶನಿವಾರ ಆಗಲಿ ಮೇಡಂ. ಆವತ್ತು ತೀರ್ಮಾನ ಆಗುತ್ತೆ."

ತೀರ್ಮಾನ! ಬಂದ್ಬಿಡಿ! ಊರೂರು!

ಸುರುಳಿಯ ಕಣ್ಣು ಮಂಜಾಯಿತು. ಕೈ ತಾನಾಗಿ ಗೂಡಿನತ್ತ ಹೋಯಿತು, ಒಂದು ತಂತಿ ಉಂಡೆ ಎಳೆದುಕೊಂಡಿತು. ಕೊಳವೆಯ ಮೇಲೆ ಗುರುತು ಹಾಕಿದಲ್ಲಿಂದ ಗುರುತು ಹಾಕಿದಲ್ಲಿಗೆ ಸುತ್ತಿದಳು, ಹಲ್ಲು ಕಚ್ಚಿ ಸುತ್ತಿದಳು. 'ಹೋಗಲಿ. ಹೋಗಲಿ ಬಿಡು. ನನಗೆ ಒಂದು ಮಾತು ಹೇಳದೆ... ಬಟ್ಟೆ ತುರುಕಿ... ನಾಲ್ಕು ಅಂತೆ, ಅಲ್ವಾ ಅಂತೆ, ಅಯ್ಯೋ ಅಂತೆ!' ವಾರ್ನಿಷ್ ಹಚ್ಚಿದಳು, ಒಣಗಿಸಿದಳು, ಕೂರಿಸಿದಳು, ಅಂಟಿಸಿದಳು.

ಕೊನೆಗೆ ಕುಂಚ ತೆಗೆದು ಎರಡರ ಬೆನ್ನಿಗೂ ಹಳದಿ ಬಣ್ಣದಲ್ಲಿ ಎಂಟು ಅಂತ ಬರೆದಳು. ಮೀಟರ್ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಅದರತ್ತ ತಿರುಗಿಯೂ ನೋಡಲಿಲ್ಲ.

ಶನಿವಾರ ಬೆಳಗ್ಗೆ ತೂತಿನ ಬಟ್ಟೆ ತೆಗೆದ ಸದ್ದು. ತುಂಬ ದಿನದ ಮೇಲೆ.

"ಎಷ್ಟು?" ಅಂದ ಅವನು. ದನಿಯಲ್ಲಿ ಅಕ್ಕರೆ ಇತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಎಂಟು! ಬೆನ್ನ ಮೇಲೆ ಬರೆದಿಲ್ವಾ? ತಗೊಂಡು ಹೋಗಿ! ನಿಮ್ಮ ಮೇಡಂ ಕಾಯ್ತಿರ್ತಾರೆ!"

ಆಚೆಯಿಂದ ತಂತಿಯ ತುದಿ ತೂತಿನೊಳಗೆ ಬಂತು.

"ಒಂದ್ಸಲ ಹಾಡು ಹಾಕಿ ನೋಡೋಣ್ವಾ, ಯಾವಾಗಲೂ ಹಾಗೆ?"

"ನನಗೆ ಪುರುಸೊತ್ತಿಲ್ಲ."

ಅವನು ಬಂದು ಎರಡನ್ನೂ ಎತ್ತಿಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟು, ಅವಳು ಬೆನ್ನು ತಿರುಗಿಸಿ ಕೂತದ್ದು ನೋಡಿ, ಹಾಗೇ ಹೊರಟುಹೋದ.

*

ಮಧ್ಯಾಹ್ನ ಇಳಿದಿತ್ತು. ಅಮ್ಮ ಗೂಡು ಒರೆಸುತ್ತಿದ್ದಳು.

"ಏನೇ ಇದು? ಸಣ್ಣ ತಂತಿ ಉಂಡೆಯ ಕಾಗದಾನೇ ಬಿಚ್ಚಿಲ್ಲ! ಆ ಎರಡು ದೊಡ್ಡದನ್ನ ಯಾವುದರಲ್ಲಿ ಸುತ್ತಿದೆ?"

ಸುರುಳಿ ತಿರುಗಿ ನೋಡಿದಳು. ಸಣ್ಣ ತಂತಿಯ ಉಂಡೆ ಅಂಗಡಿಯಿಂದ ತಂದ ಹಾಗೇ, ಕಾಗದ ಸುತ್ತಿಕೊಂಡು ಕೂತಿತ್ತು. ಅದರ ಪಕ್ಕದ ದಪ್ಪ ತಂತಿ ಉಂಡೆ ಅರ್ಧ ಖಾಲಿ.

ಅವಳು ಉಂಡೆಯನ್ನ ಕೈಗೆತ್ತಿಕೊಂಡಳು.

ಗುರುತಿನಿಂದ ಗುರುತಿಗೆ ಸಣ್ಣ ತಂತಿ ಸುತ್ತಿದರೆ ಹೆಚ್ಚು ಸುತ್ತು, ಎಂಟು ಓಮ್ಸ್. ದಪ್ಪ ತಂತಿ ಸುತ್ತಿದರೆ ಕಮ್ಮಿ ಸುತ್ತು, ನಾಲ್ಕು. ಒಂದೊಂದೂ ನಾಲ್ಕು! ಅವನು ಎರಡನ್ನೂ ಜೊತೆಗೆ ಹಾಕ್ತಾನೆ. ಎರಡಾಗುತ್ತೆ. ಅವನ ಹೊಸ ಆಂಪ್ಲಿಫೈಯರ್ ಕೊಡಬಲ್ಲ ಕರೆಂಟಿನ ಎರಡರಷ್ಟು ಎಳೆಯುತ್ತವೆ. ನಾಲ್ಕು ಹಾಡು ದಾಟಲ್ಲ. ತುಂಬಿದ ಸಭೆಯಲ್ಲಿ ಹೊಗೆ. ಅವನ ಹೆಸರಿನ ಮೊದಲನೆಯದು.

ಅವನು ಅಳೆದು ನೋಡಲ್ಲ. ಯಾವತ್ತೂ ನೋಡಲ್ಲ.

ಈಗ ಒಂದು ಮಾತು ಮುಚ್ಚಿಡಬಾರದು. ಆ ಕ್ಷಣದಲ್ಲಿ ಅವಳ ಒಳಗಿನ ಹೊಟ್ಟೆಕಿಚ್ಚು ಮೆಲ್ಲಗೆ ಹೇಳಿತು: 'ಸುಡಲಿ. ಮಹಾರಾಣಿಯ ಹಾಡು ಅರ್ಧಕ್ಕೆ ನಿಲ್ಲಲಿ. ಇವನನ್ನ ಕರ್ಕೊಂಡು ಹೋಗೋ ಮಾತು ಅಲ್ಲಿಗೆ ಮುಗಿಯುತ್ತೆ. ಇವನು ಇಲ್ಲೇ ಉಳೀತಾನೆ...'

ಉಳೀತಾನೆ. ಇಲ್ಲೇ. ಗೋಡೆಯಾಚೆಯೇ.

ಆದರೆ ಹೇಗೆ ಉಳೀತಾನೆ? ಮುಖ ಕೆಳಗೆ ಹಾಕಿಕೊಂಡು. 'ನೀವು ಅಳೆದಿದ್ದೀರಲ್ಲ' ಅಂದವನು, ಇನ್ನೆಂದೂ ಯಾರನ್ನೂ ನಂಬದೆ.

"ಅಮ್ಮಾ, ಅಂಗಡಿ ನೋಡ್ಕೋ!"

"ಚಪ್ಪಲೀನಾದ್ರೂ ಹಾಕ್ಕೊಂಡು ಹೋಗೇ!"

ಯಾರಿಗೆ ಕೇಳಿಸಿತು? ಬಟ್ಟೆಯ ಮೇಲೆ ಹಳದಿ ಬಣ್ಣ, ಕೂದಲಲ್ಲಿ ತಾಮ್ರದ ಚೂರು, ಬರಿಗಾಲು. ಹುಡುಗಿ ಬೀದಿಯುದ್ದಕ್ಕೂ ಓಡಿದಳು. 'ಸ್ವಿಚ್ ಹಾಕಬೇಡ, ಸ್ವಿಚ್ ಹಾಕಬೇಡ...' ಇಷ್ಟೇ ಮನಸ್ಸಿನಲ್ಲಿ.

*

ಸಭಾಂಗಣದಲ್ಲಿ ಕುರ್ಚಿಗಳು ಇನ್ನೂ ಖಾಲಿ. ವೇದಿಕೆಯ ಮೇಲೆ ಇಬ್ಬರೇ ಇದ್ದರು. ಬಾಗಿಲ ಪರದೆಯ ಹತ್ತಿರ ಬರುತ್ತಿದ್ದಂತೆ ಜಗಳದ ದನಿ ಕೇಳಿ ಅವಳ ಕಾಲು ನಿಂತಿತು.

"ಮತ್ತೆ ಮತ್ತೆ ಇಟ್ಟು ನೋಡಿದೆ ರೀ!" ಗಾಯಕಿ ಮೀಟರ್ ಅಲ್ಲಾಡಿಸುತ್ತಿದ್ದಳು. "ಎರಡೂ ಮೂರೂವರೆ ತೋರಿಸ್ತಿದೆ."

"ಮೀಟರ್ ಯಾವಾಗಲೂ ಬರೆದಿರೋದಕ್ಕಿಂತ ಕಮ್ಮಿ ತೋರಿಸುತ್ತೆ ಮೇಡಂ. ಹೇಳಿಕೊಟ್ಟಿದ್ನಲ್ಲ. ಸ್ಪೀಕರ್ ಸುಮ್ಮನೆ ಕೂತಿದ್ದಾಗಿನ ತಡೆ ಬೇರೆ, ಹಾಡು ಹರಿಯುವಾಗಿನ ತಡೆ ಬೇರೆ."

"ಎಂಟರದು ಆರು, ಆರೂವರೆ ತೋರಿಸುತ್ತೆ ಅಂದಿದ್ರಿ. ಮೂರೂವರೆ ಅಂದ್ರೆ ನಾಲ್ಕರದು! ಎರಡು ಜೊತೆಗೆ ಹಾಕಿದ್ರೆ ಎರಡಾಯ್ತು. ನಾಲ್ಕಕ್ಕಿಂತ ಕೆಳಗೆ ಹೋದ್ರೆ ನಿಮ್ಮ ಆಂಪ್ಲಿಫೈಯರ್ ತಡ್ಕೊಳಲ್ಲ ಅಂತ ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದೀರಿ!"

"ಹಾಗಾದ್ರೆ ಮೀಟರಿನ ಸೆಲ್ ಹೋಗಿರಬೇಕು."

"ಬೆಳಗ್ಗೆ ಹೊಸದು ಹಾಕಿದ್ದು ನೀವೇ!"

"ಹಾಗಾದ್ರೆ... ಹಾಗಾದ್ರೆ ಮೀಟರೇ ಕೆಟ್ಟಿದೆ ಮೇಡಂ. ಅವಳು ಎಂಟು ಅಂದಿದ್ದಾಳೆ. ಅವಳು ಎಂಟು ಅಂದ್ರೆ ಎಂಟು."

ಅವನು ಎದ್ದು ಸ್ವಿಚ್ಚಿನತ್ತ ಕೈ ಚಾಚಿದ.

ಅವಳು... ಅವಳು! ಎದುರಿಗೆ ಯಾವತ್ತೂ 'ನೀವು, ರೀ' ಬಿಟ್ಟು ಮಾತಾಡದವನು. ಬೆನ್ನ ಹಿಂದೆ ಅವಳು ಅಂತಾನೆ, ಮನೆಯವಳ ಬಗ್ಗೆ ಹೇಳುವ ಹಾಗೆ. ಹೊಸ ಸೆಲ್ ಹಾಕಿದ ಮೀಟರನ್ನೇ ಸುಳ್ಳು ಮಾಡ್ತಾನೆ, ಅವಳನ್ನ ಮಾಡಲ್ಲ.

ಪರದೆ ಸರಿಸಿಕೊಂಡು ಅವಳು ಚೀರಿದಳು. "ಹಾಕಬೇಡಿ!"

ಇಬ್ಬರೂ ಬೆಚ್ಚಿ ತಿರುಗಿದರು.

"ಮೀಟರ್ ಸರಿ ಇದೆ," ಅಂದಳು ಏದುಸಿರು ಬಿಡುತ್ತ. "ನಾನು... ನಾನು ತಪ್ಪು. ದಪ್ಪ ತಂತಿ ಸುತ್ತಿಬಿಟ್ಟೆ. ಎರಡೂ ನಾಲ್ಕು. ಅಳೆಯದೇ ಎಂಟು ಅಂತ ಬರೆದೆ. ಅಳೆಯದೇ ಹೇಳಿದೆ."

ಅವನ ಚಾಚಿದ ಕೈ ಗಾಳಿಯಲ್ಲೇ ನಿಂತಿತ್ತು. ಮೆಲ್ಲಗೆ ಕೆಳಗಿಳಿಯಿತು.

"ನೀವಾ?" ಅಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. "ಯಾಕೆ?"

ಗಾಯಕಿ ಇದ್ದಳು. ಇರಲಿ. ಇನ್ನು ಮುಚ್ಚಿಡೋದೇನು?

"ಹೊಟ್ಟೆಕಿಚ್ಚು ರೀ! ಇವರು ದಿನಾ ಬರೋದು, ನೀವು ಬಾಗಿಲು ಹಾಕೋದು, ತೂತಿಗೆ ಬಟ್ಟೆ ತುರುಕೋದು... 'ಎಷ್ಟು' ಅಂತ ನೀವು ಇವರನ್ನ ಕೇಳಿದ್ರಿ! ಕೈಯಲ್ಲಿ ಯಾವ ತಂತಿ ಇದೆ ಅಂತಾನೂ ಕಾಣಲಿಲ್ಲ ನನಗೆ. ಗೊತ್ತಾದ ಮೇಲೂ... ಒಂದು ಕ್ಷಣ ಸುಡಲಿ ಅನ್ನಿಸ್ತು. ಸುಟ್ರೆ ನೀವು ಇವರ ಜೊತೆ ಹೋಗಲ್ಲ ಅನ್ನಿಸ್ತು. ಅಂಥವಳು ನಾನು. ನಂಬಬಾರದಿತ್ತು ನೀವು ನನ್ನನ್ನ!"

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿ ಹಳದಿ ಬಣ್ಣ ಬಳಿದುಕೊಂಡಳು.

ಮೊದಲು ನಕ್ಕವಳು ಗಾಯಕಿ.

"ನನ್ನ ಮೇಲೆ ಹೊಟ್ಟೆಕಿಚ್ಚಾ! ಅಯ್ಯೋ ಮಾರಾಯ್ತಿ! ಇವರ ಪಾಠ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ. ಓಮ್ಸ್ ಅಂತೆ, ಆಂಪಿಯರ್ ಅಂತೆ. ಪ್ರತಿ ಪ್ರಶ್ನೆಗೂ ತಪ್ಪು ಉತ್ತರ ಹೇಳಿ ನಾನೇ ನಗ್ತಿದ್ದೆ. ಇಷ್ಟು ಹೆಸರು ಮಾಡಿರೋಳು ಪ್ಲಸ್ ಯಾವುದು ಮೈನಸ್ ಯಾವುದು ಗೊತ್ತಿಲ್ಲದೆ ಒದ್ದಾಡೋದು ಪಕ್ಕದಂಗಡಿಗೆ ಕೇಳಬಾರದು ಅಂತ ಬಟ್ಟೆ ತುರುಕಿಸಿದ್ದು ನಾನು."

"ಪಾಠಾನಾ?" ಅಂದಳು ಸುರುಳಿ ಪೆಚ್ಚಾಗಿ.

"ಹ್ಞೂಂ. ನಮ್ಮ ತಂಡದ ಸೌಂಡಿನವನು ಬಿಟ್ಟುಹೋದ. ನಮ್ಮ ಜೊತೆ ಬನ್ನಿ ಅಂತ ಇವರ ಕಾಲು ಹಿಡಿಯೋದೊಂದು ಬಾಕಿ. ಏನಂದ್ರು ಗೊತ್ತಾ? 'ನಾನು ಬರಲ್ಲ ಮೇಡಂ, ಬೇಕಾದ್ರೆ ನಿಮಗೇ ಎಲ್ಲ ಕಲಿಸಿಕೊಡ್ತೀನಿ. ಶನಿವಾರ ನೀವೊಬ್ಬರೇ ತಂತಿ ಸೇರಿಸಬೇಕು. ಸೇರಿಸಿದ್ರೆ ನನ್ನನ್ನ ಬಿಟ್ಟುಬಿಡಬೇಕು' ಅಂತ. ಇವತ್ತು ನನ್ನ ಪರೀಕ್ಷೆ."

ಸುರುಳಿ ಅವನತ್ತ ನೋಡಿದಳು. ಅವನು ಸ್ಪೀಕರಿನ ಬೆನ್ನಿನ ಹಳದಿ ಎಂಟನ್ನ ನೋಡುತ್ತ ನಿಂತಿದ್ದ. ಹೋಗದೇ ಇರೋಕೆ ಇಷ್ಟೆಲ್ಲ ಮಾಡಿದವನ ಆಂಪ್ಲಿಫೈಯರನ್ನ ತಾನು ಸುಡಲು ಹೊರಟಿದ್ದಳಲ್ಲ!

"ಈಗೇನ್ ಮಾಡೋಣ ಮೇಷ್ಟ್ರೇ?" ಗಾಯಕಿ ತೋಳು ಮಡಚಿದಳು. "ಇರಿ, ಹೇಳಬೇಡಿ. ನಾನೇ ಹೇಳ್ತೀನಿ. ಪಕ್ಕಪಕ್ಕ ಸೇರಿಸಿದ್ರೆ ಎರಡು, ಸುಡುತ್ತೆ. ಸಾಲಾಗಿ ಸೇರಿಸಿದ್ರೆ? ಇದರ ಮೈನಸ್ ಅದರ ಪ್ಲಸ್ಸಿಗೆ. ಒಂದನ್ನ ದಾಟೇ ಇನ್ನೊಂದಕ್ಕೆ ಹೋಗಬೇಕು ಕರೆಂಟು. ನಾಲ್ಕು, ನಾಲ್ಕು, ಎಂಟು!"

ಅವನು ತಲೆಯೆತ್ತಿದ. "ಸರಿ. ಆದ್ರೆ ಸದ್ದು ಸ್ವಲ್ಪ ಕಮ್ಮಿಯಾಗುತ್ತೆ."

"ನನ್ನ ಗಂಟಲಿದೆಯಲ್ಲ ರೀ, ಅದನ್ನ ಯಾವ ತಂತಿಗೂ ಕಟ್ಟಿಲ್ಲ!"

ಗಾಯಕಿ ಮಂಡಿಯೂರಿ ಕೂತು, ಬಳೆ ಮೇಲೇರಿಸಿಕೊಂಡು ತಂತಿ ಬಿಚ್ಚಿ ಸೇರಿಸಿದಳು. ಯಾರ ನೆರವನ್ನೂ ಕೇಳಲಿಲ್ಲ. ಮೀಟರ್ ಇಟ್ಟಳು. "ಏಳು!" ಅಂದಳು. ಸ್ವಿಚ್ ಹಾಕಿದಳು. ಮೈಕಿನಲ್ಲಿ ಒಂದು ಸ್ವರ ಹಿಡಿದಳು. ದನಿ ತುಂಬಿ, ತಿಳಿಯಾಗಿ ಖಾಲಿ ಕುರ್ಚಿಗಳ ಮೇಲೆ ಹರಿಯಿತು. ಆಂಪ್ಲಿಫೈಯರಿನ ಬೆನ್ನು ಮುಟ್ಟಿ ನೋಡಿದ ಅವನು. ತಣ್ಣಗಿತ್ತು.

*

ಕಾರ್ಯಕ್ರಮ ನಡೆಯುತ್ತಿತ್ತು. ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಅವಳು ಮುದುರಿ ಕೂತಿದ್ದಳು. ಹೋಗಿಬಿಡೋಣ ಅಂದರೆ ಕಾಲು ಬರಲೊಲ್ಲದು. ಅವನು ಬಂದು ಒಂದು ಮೆಟ್ಟಿಲು ಬಿಟ್ಟು ಕೂತ. ಕೈಯಲ್ಲಿ ಯಾರದೋ ಚಪ್ಪಲಿ.

"ಹಾಕ್ಕೊಳ್ಳಿ. ನೆಲದಲ್ಲಿ ಮೊಳೆ ಇವೆ."

ಅವಳು ಹಾಕಿಕೊಂಡಳು. ದೊಡ್ಡದಾಯಿತು. ಅವನದೇ ಚಪ್ಪಲಿ ಅಂತ ಆಮೇಲೆ ಗೊತ್ತಾಯಿತು.

"ನನ್ನ ಮೇಲೆ ಕೋಪ ಇಲ್ವಾ?"

"ಇದೆ," ಅಂದ ಅವನು. "ಸುಡಲಿ ಅಂದ್ಕೊಂಡ್ರಲ್ಲ, ಅದಕ್ಕೆ ಇದೆ."

ಅವಳ ತಲೆ ತಗ್ಗಿತು.

"ಆದ್ರೆ ಬರಿಗಾಲಲ್ಲಿ ಓಡಿ ಬಂದ್ರಲ್ಲ. ಬರದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನಂತೂ ಮೀಟರನ್ನೇ ಬೈಕೊಂಡು ಇರ್ತಿದ್ದೆ."

"ಮೊದಲೇ ಒಂದು ಮಾತು ಹೇಳಬಾರದಿತ್ತಾ ನೀವು? ಹೋಗಲ್ಲ ಅಂತ? ಅಷ್ಟು ಹೇಳಿದ್ರೆ ನಾನು ಇಷ್ಟೆಲ್ಲ..."

"ಏನಂತ ಹೇಳಲಿ? ಯಾಕೆ ಹೋಗಲ್ಲ ಅಂತ ನೀವು ಕೇಳಿದ್ರೆ? ಅದಕ್ಕೆ ಉತ್ತರ ಹೇಳೋ ಧೈರ್ಯ ಇರಲಿಲ್ಲ. ಶನಿವಾರ ಹೇಳೋಣ ಅಂತಿದ್ದೆ. ಆಂಪ್ಲಿಫೈಯರ್ ಗೆದ್ದ ಮೇಲೆ."

"ಈಗ ಕೇಳ್ತಿದ್ದೀನಿ. ಯಾಕೆ ಹೋಗಲ್ಲ?"

ವೇದಿಕೆಯ ಮೇಲೆ ಹಾಡು ಏರುತ್ತಿತ್ತು. ಅವನು ನಡುವಿನ ಖಾಲಿ ಮೆಟ್ಟಿಲಿಗೆ ಇಳಿದು ಕೂತ.

"ಬೇರೆ ಊರಲ್ಲಿ ಸ್ವಿಚ್ ಹಾಕೋ ಮುಂಚೆ 'ಎಷ್ಟು' ಅಂತ ಯಾರನ್ನ ಕೂಗಲಿ? ಕೂಗಿದ್ರೆ ಗೋಡೆಯಾಚೆ ನೀನು ಇರಬೇಕು. ಇಲ್ಲದಿದ್ರೆ ನನ್ನ ಕೈಲಿ ಆಗಲ್ಲ... ನಿನ್ನ ಮೇಲೆ ಜೀವ ಇಟ್ಕೊಂಡಿದ್ದೀನಿ. ಅಷ್ಟೇ."

ನೀನು! ಬಂತು ಕೊನೆಗೂ, ಎದುರಿಗೇ ಬಂತು.

ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

"ನಾನೂ..." ಅಂದಳು. "ಮೊದಲ ದಿನ ಜಗಳಕ್ಕೆ ಬಂದಿದ್ನಲ್ಲ. ಆವತ್ತಿಂದ. ಆದ್ರೆ ಇನ್ನೊಂದು ಸಲ ಬೇರೆ ಯಾರನ್ನಾದ್ರೂ 'ಎಷ್ಟು' ಅಂತ ಕೇಳಿದ್ರೆ ನೋಡು! ಬೇಕಂತಲೇ ದಪ್ಪ ತಂತಿ ಸುತ್ತಿ ಕೊಡ್ತೀನಿ."

"ಅಬ್ಬಾ! ಈ ಹೊಟ್ಟೆಕಿಚ್ಚು ಹೋಗಲ್ವಾ?"

"ಹೋಗಲ್ಲ. ಬೇಕಾದ್ರೆ ಬಾ, ಬೇಡವಾದ್ರೆ ಬಿಡು."

ಅವನು ಹಳದಿ ಬಣ್ಣ ಮೆತ್ತಿದ ಅವಳ ಕೈಯನ್ನ ತನ್ನ ಕೈಯೊಳಗೆ ತೆಗೆದುಕೊಂಡ. ಬಿಡಲಿಲ್ಲ.

*

ಸೋಮವಾರ ಬೆಳಗ್ಗೆ. ತೂತಿನಲ್ಲಿ ಬಟ್ಟೆ ಇರಲಿಲ್ಲ. ಗಾಯಕಿಯ ತಂಡ ಹೊಸ ಆಂಪ್ಲಿಫೈಯರ್ ಹೊತ್ತುಕೊಂಡು ಭಾನುವಾರವೇ ಹೊರಟಿತ್ತು. ಅದಕ್ಕೂ ಮುಂಚೆ ಸುರುಳಿ ಆ ಎರಡು ಸ್ಪೀಕರುಗಳನ್ನ ಬಿಚ್ಚಿ, ಸಣ್ಣ ತಂತಿಯಲ್ಲಿ ಮತ್ತೆ ಸುತ್ತಿ, ಅಳೆದು, ಆಮೇಲೆ ಹೊಸದಾಗಿ ಎಂಟು ಬರೆದುಕೊಟ್ಟಿದ್ದಳು.

ಗೋಡೆಯಾಚೆಯಿಂದ ದನಿ ಬಂತು.

"ಎಷ್ಟು?"

"ತಡಿ. ಅಳೆದು ಹೇಳ್ತೀನಿ."

"ನೀನು ಹೇಳಿದ್ರೆ ಸಾಕು ಕಣೇ."

"ಸಾಕಾಗಲ್ಲ. ಈಚೆ ಬಾ. ಇನ್ಮೇಲೆ ಇಬ್ಬರೂ ಸೇರಿ ನೋಡೋದು."

ಅವನು ಬಂದ. ತೂತಿನ ಹತ್ತಿರವಲ್ಲ, ಬಾಗಿಲಿಂದಲೇ ಬಂದ. ಅಮ್ಮ ಇಬ್ಬರನ್ನೂ ಒಮ್ಮೆ ನೋಡಿ, "ನಾನು ಟೀ ತರ್ತೀನಪ್ಪ," ಅಂತ ತುಂಬಿದ ಫ್ಲಾಸ್ಕನ್ನೇ ಎತ್ತಿಕೊಂಡು ಹೊರಗೆ ಹೋದಳು.

ಅವಳು ಮೀಟರಿನ ತಂತಿ ಹಿಡಿದಳು. ಅವನು ಅವಳ ಹೆಗಲ ಮೇಲಿಂದ ಬಗ್ಗಿ ಓದಿದ.

"ಆರೂವರೆ ತೋರಿಸ್ತಿದೆ."

"ಅದು ಸುಮ್ಮನೆ ಕೂತಿದ್ದಾಗ," ಅಂದಳು ಅವಳು, ತಿರುಗದೆಯೇ ನಗುತ್ತ. "ಹಾಗಾದ್ರೆ ಎಷ್ಟು?"

"ಎಂಟು," ಅಂದ ಅವನು, ಅವಳ ಕಿವಿಯ ಪಕ್ಕದಲ್ಲೇ.